ತಿರುಗಿಸದ ಹಾಳೆ

ಪಿ.ಟಿ. ಟೀಚರ್ ಕೊಟ್ಟ ಹಾಳೆಗೆ ಎರಡು ಬದಿ ಇತ್ತು. ನಾನು ನೋಡಿದ್ದು ಒಂದೇ ಬದಿ. ನಡೆದದ್ದೆಲ್ಲ ಅಲ್ಲಿಂದ ಶುರುವಾದದ್ದು. ಹಾಗಾಗಿ ನಾನೂ ಅಲ್ಲಿಂದಲೇ ಬರೆಯುತ್ತೇನೆ.

ಜೂನ್ ತಿಂಗಳು, ಕುಲಶೇಖರದ ಕಡೆ ಇರುವ ತಂಗಿಯ ಶಾಲೆಯಲ್ಲಿ ಪೋಷಕರ ಸಭೆ. ಅಪ್ಪ ಮಸ್ಕತ್‌ನಲ್ಲಿ ಕೆಲಸಕ್ಕಿದ್ದಾರೆ. ಅಮ್ಮನಿಗೆ ಶಾಲೆಯ ಮೆಟ್ಟಿಲೆಂದರೆ ಈಗಲೂ ಅಂಜಿಕೆ. ತಂಗಿಯ ವಿಷಯಕ್ಕೆ ಹೋಗುವವನು ನಾನೇ. ಅವಳು ಒಂಬತ್ತನೆಯ ಕ್ಲಾಸು, ಶಾಲೆಯ ಸಾಫ್ಟ್‌ಬಾಲ್ ತಂಡದಲ್ಲಿದ್ದಾಳೆ. ಈ ಆಟ ನೋಡದವರಿಗೆ ಒಂದು ಮಾತು ಹೇಳಬೇಕು. ಚೆಂಡು ಕ್ರಿಕೆಟ್ ಚೆಂಡಿಗಿಂತ ದೊಡ್ಡದು. ಎಸೆಯುವವಳನ್ನು ಪಿಚರ್ ಎನ್ನುತ್ತಾರೆ. ಅವಳು ತೋಳನ್ನು ಒಂದು ಸುತ್ತು ಪೂರ್ತಿ ತಿರುಗಿಸಿ ಸೊಂಟದ ಪಕ್ಕದಿಂದ ಚೆಂಡು ಬಿಡುತ್ತಾಳೆ. ಅದು ನೆಲ ಮುಟ್ಟದೆ ನೇರ ಬರುತ್ತದೆ, ದುಂಡು ಬ್ಯಾಟಿನಿಂದ ಹೊಡೆಯಬೇಕು.

ಹೋದ ವರ್ಷ ಜಿಲ್ಲಾ ತಂಡದ ಆಯ್ಕೆಯಲ್ಲಿ ಹದಿನಾರು ಹೆಸರು ಓದಿದರು. ಇವಳು ಹದಿನೇಳನೆಯವಳು ಎಂದು ಆಮೇಲೆ ಗೊತ್ತಾಯಿತು. ಆ ಹದಿನೇಳನ್ನು ಅವಳು ಗಣಿತದ ಪುಸ್ತಕದ ಹೊದಿಕೆಯ ಮೇಲೆ ಬರೆದು, ಸುತ್ತ ಗೆರೆ ಎಳೆದು ಇಟ್ಟಿದ್ದಳು. ಅಮ್ಮ ಅದನ್ನು ಮಾರ್ಕು ಎಂದುಕೊಂಡು ಬೈದಿದ್ದಳು.

ಸಭೆ ಮುಗಿದ ಮೇಲೆ ಪಿ.ಟಿ. ಟೀಚರ್ ಆಟದ ಮಕ್ಕಳ ಮನೆಯವರನ್ನು ಒಬ್ಬೊಬ್ಬರಾಗಿ ಕರೆದರು. ನನ್ನ ಮುಂದೆ ಇಸ್ತ್ರಿ ಅಂಗಿಯ ಒಬ್ಬರು ಇಂಗ್ಲಿಷಿನಲ್ಲೇ ಎಲ್ಲ ಕೇಳಿ ಹೋದರು.

"ಮನೆಯಲ್ಲಿ ಪ್ರಾಕ್ಟೀಸ್ ಮಾಡಿಸುವವರು ಯಾರು?" ಎಂದರು ಟೀಚರ್.

"ನಾನೇ ಮೇಡಂ."

"ಹಾಗಾದ್ರೆ ಇದನ್ನು ಸರಿ ಓದಿ. ಶಾಲೆಯಲ್ಲಿ ಒಬ್ಬೊಬ್ಬರಿಗೆ ಐದು ನಿಮಿಷ ಕೊಡ್ಲಿಕ್ಕೂ ನಂಗೆ ಆಗುದಿಲ್ಲ. ಅವಳ ಕೈ ಒಳ್ಳೇದುಂಟು, ಟೈಮಿಂಗ್ ಇಲ್ಲ. ಮನೆಯಲ್ಲಿ ಆದದ್ದೇ ಆದದ್ದು."

ಹಾಳೆಯ ಮೇಲೆ ಇಂಗ್ಲಿಷ್ ಪ್ರಿಂಟು, ನಾಲ್ಕು ಚಿತ್ರ. ನಾನು ಏಳನೆಯ ಕ್ಲಾಸಿನವರೆಗೆ ಹೋದವನು. ಕನ್ನಡ ಓದುತ್ತೇನೆ, ಇಂಗ್ಲಿಷ್ ಬರುವುದಿಲ್ಲ. ಟೀಚರ್ ನೋಡುತ್ತಿದ್ದರು, ಹಿಂದೆ ಇನ್ನೂ ನಾಲ್ಕು ಮಂದಿ ನಿಂತಿದ್ದರು. ಓದುವವನ ಹಾಗೆ ಕಣ್ಣನ್ನು ಎಡದಿಂದ ಬಲಕ್ಕೆ ಎರಡು ಸಾಲು ಓಡಿಸಿದೆ. "ಆಯ್ತು ಮೇಡಂ" ಎಂದು ಮಡಚಿ ಕಿಸೆಗೆ ಹಾಕಿದೆ.

ಟೆಂಪೊದೊಳಗೆ ಕೂತು ಬಿಡಿಸಿ ನೋಡಿದೆ. ಒಂದು ಚಿತ್ರದಲ್ಲಿ ಹುಡುಗಿಯೊಬ್ಬಳು ಬ್ಯಾಟ್ ಎತ್ತಿ ಹಿಂದಿನ ಕಾಲಿಗೆ ಭಾರ ಕೊಟ್ಟು ನಿಂತಿದ್ದಳು. ಅದರ ಕೆಳಗಿನ ನಾಲ್ಕಕ್ಷರ ಮಾತ್ರ ನನಗೆ ಓದಲು ಬಂತು. ದಿನಾ ನನ್ನ ಡೆಲಿವರಿ ಚೀಟಿಯಲ್ಲಿ ಇರುವ ಶಬ್ದ ಅದು. ಲೋಡ್.

ನನಗೆ ನಗು ಬಂತು. ಇಷ್ಟೇಯಾ ಎಂದುಕೊಂಡೆ. ಲೋಡ್ ಎಂದರೇನೆಂದು ಈ ಊರಿನಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನನ್ನದು ಗೂಡ್ಸ್ ಟೆಂಪೊ. ಟೈಲ್ಸ್, ಗ್ರಾನೈಟ್, ಸಿಮೆಂಟ್ ಸಾಗಿಸುವುದು, ಹೇರುವುದೂ ನಾನೇ. ಟೈಲ್ಸಿನ ಪೆಟ್ಟಿಗೆಯನ್ನು ಮಲಗಿಸಬಾರದು, ನಿಲ್ಲಿಸಬೇಕು. ಒಂದಕ್ಕೊಂದು ಒತ್ತಿರಬೇಕು. ಭಾರ ಹಿಂದಿನ ಆಕ್ಸಲ್‌ನ ಮೇಲೆ ಬಂದು ಕೂರಬೇಕು. ಕೂತ ಮೇಲೆ ಹಗ್ಗ. ಹಗ್ಗ ಬಿಗಿದ ಮೇಲೆ ಅದು ಅಲ್ಲಾಡಬಾರದು. ಮಂಗಳೂರಿನಲ್ಲಿ ಸಮತಟ್ಟಾದ ರಸ್ತೆ ಎಲ್ಲಿದೆ? ಇಳಿಜಾರಿನಲ್ಲಿ ಲೋಡ್ ಒಂದು ಬೆರಳು ಜಾರಿದರೆ ತಿರುವಿನಲ್ಲಿ ಗಾಡಿಯೇ ಜಾರುತ್ತದೆ. ಹೇರುವಾಗ ಪೆಟ್ಟಿಗೆಯನ್ನು ಒತ್ತಿ ಹಿಡಿದು ನಾವು ತುಳುವಿನಲ್ಲಿ ಒಂದು ಶಬ್ದ ಹೇಳುತ್ತೇವೆ: "ಕುಲ್ಲಡ್." ಕೂರಲಿ ಎಂದು ಅರ್ಥ. ಅದು ಕೂರುವವರೆಗೆ ಮುಂದಿನ ಪೆಟ್ಟಿಗೆ ಯಾರೂ ಎತ್ತುವುದಿಲ್ಲ.

ನಾವು ಮನೆಯಲ್ಲಿ ಆಡುವುದೂ ತುಳು. ಓದುವವರಿಗಾಗಿ ಮಾತುಗಳನ್ನು ಕನ್ನಡದಲ್ಲಿ ಬರೆದಿದ್ದೇನೆ. ಆ ಒಂದು ಶಬ್ದವನ್ನು ಮಾತ್ರ ಹಾಗೆಯೇ ಬಿಟ್ಟಿದ್ದೇನೆ.

ಶಕ್ತಿನಗರದ ನಮ್ಮ ಮನೆಯ ಪಕ್ಕದಲ್ಲಿ ಟೆಂಪೊ ನಿಲ್ಲಿಸುವಷ್ಟು ಜಾಗ ಇದೆ. ಬಂದರಿನ ದಕ್ಕೆಯಿಂದ ಹಳೆಯ ಮೀನು ಬಲೆ ತಂದು ಗೋಡೆಗೆ ಅಡ್ಡ ಕಟ್ಟಿದೆ, ಚೆಂಡು ತಡೆಯಲು. ಪೇಂಟ್ ಡಬ್ಬಿಯಲ್ಲಿ ಸಿಮೆಂಟ್ ಹಾಕಿ ಪಿವಿಸಿ ಪೈಪ್ ನೆಟ್ಟೆ. ಅದರ ತುದಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿದರೆ ಚೆಂಡು ಅಲ್ಲಿ ನಿಲ್ಲುತ್ತಿತ್ತು. ಬೆಳಿಗ್ಗೆ ಆರರಿಂದ ಏಳು, ಸಂಜೆ ನಾನು ಬಂದ ಮೇಲೆ ಅರ್ಧ ಗಂಟೆ.

ನಾನು ಕಲಿಸಿದ ಕ್ರಮ ಹೀಗೆ. ಬ್ಯಾಟ್ ಎತ್ತು. ಹಿಂದಿನ ಕಾಲು ಬಗ್ಗಿಸು. ಪೂರ್ತಿ ಭಾರ ಅದರ ಮೇಲೆ ಹಾಕು. ಕುಲ್ಲಡ್. ಅಲ್ಲಾಡಬೇಡ. ಕೂತಿತಾ? ಈಗ ಹೊಡಿ.

ಅವಳ ಭಾರ ಕೂತದ್ದು ನೋಡಿಕೊಂಡು ನಾನು ಪಕ್ಕದಿಂದ ಚೆಂಡು ಮೇಲೆ ಹಾಕುತ್ತಿದ್ದೆ. ಅವಳು ಬಾರಿಸುತ್ತಿದ್ದಳು. ಹತ್ತಕ್ಕೆ ಒಂಬತ್ತು ಬಲೆಗೆ. ನನಗೆ ಹೆಮ್ಮೆಯೋ ಹೆಮ್ಮೆ. ಒಂದು ವಿಷಯ ಆಗ ಹೊಳೆಯಲಿಲ್ಲ. ನಾನು ಅವಳಿಗಾಗಿ ಕಾಯುತ್ತಿದ್ದೆ. ಪಿಚರ್ ಯಾರಿಗೂ ಕಾಯುವುದಿಲ್ಲ.

ಆಗಸ್ಟ್‌ನಲ್ಲಿ ಶಾಲೆಗೆ ತಂಗಿಯ ಆಟದ ಕಿಟ್ ತಲುಪಿಸಲು ಹೋದಾಗ ಟೀಚರ್ ನಿಲ್ಲಿಸಿದರು. "ಇವಳ ಬ್ಯಾಟ್ ಲೇಟ್ ಬರ್ತಾ ಉಂಟು. ಹಿಂದೆ ಹೋಗಿ ನಿಂತುಬಿಡ್ತಾಳೆ, ಮತ್ತೆ ಅಲ್ಲಿಂದ ಏಳ್ಲಿಕ್ಕೆ ಆಗುದಿಲ್ಲ. ಹಾಳೆ ಓದಿದ್ರಲ್ಲ?"

"ಓದಿದ್ದೇನೆ ಮೇಡಂ."

"ಅದರಲ್ಲಿ ಇರುವ ಹಾಗೇ ಮಾಡಿಸ್ತಾ ಇದ್ದೀರಾ?"

"ಹಾಗೇ ಮೇಡಂ."

ಸುಳ್ಳು ಹೇಳಲು ಇಷ್ಟು ಸಾಕಾಯಿತು. ಮನೆಗೆ ಬಂದಾಗ ತಂಗಿಯೂ ಕೇಳಿದಳು.

"ಅಣ್ಣ, ಆ ಹಾಳೆ ಕೊಡು. ನಾನೂ ಒಮ್ಮೆ ನೋಡ್ತೇನೆ."

"ಟೆಂಪೊದಲ್ಲಿ ಉಂಟು. ನಾನು ಓದಿಯಾಗಿದೆ. ನೀನು ಕಾಲು ಬಗ್ಗಿಸು."

ಅವಳು ಇಂಗ್ಲಿಷ್ ಪಾಠ ಗಟ್ಟಿಯಾಗಿ ಓದುವುದನ್ನು ದಿನಾ ಕೇಳುತ್ತೇನೆ. ಹಾಳೆ ಕೊಟ್ಟರೆ ಎರಡು ನಿಮಿಷದಲ್ಲಿ ಓದಿ, ಇದರಲ್ಲಿ ಹೀಗೆಲ್ಲಿ ಉಂಟು ಎಂದು ಕೇಳುತ್ತಾಳೆ. ಆಗ ನಾನು ಎಂತ ಹೇಳುವುದು? ಹಾಳೆ ಟೆಂಪೊದ ಡ್ಯಾಶ್‌ಬೋರ್ಡಿನ ಖಾನೆಯಲ್ಲೇ ಉಳಿಯಿತು, ಹಳೆಯ ಚೀಟಿಗಳ ಅಡಿಯಲ್ಲಿ.

ಬ್ಯಾಟ್ ಲೇಟ್ ಎಂದರೆ ಕಾಲಿಗೆ ಬಲ ಸಾಲದು ಎಂದು ನಾನೇ ತೀರ್ಮಾನಿಸಿದೆ. ಹೊಸದಾಗಿ ಲೋಡಿಂಗಿಗೆ ಬಂದವರನ್ನು ನಾವು ಹೇಗೆ ತಯಾರು ಮಾಡುತ್ತೇವೋ ಹಾಗೆ ಮಾಡಿದೆ. ಅಡಿಗೆಮನೆಯಿಂದ ಹತ್ತು ಕಿಲೊದ ಅಕ್ಕಿ ಚೀಲ ತಂದು ಅವಳ ಹೆಗಲ ಮೇಲಿಟ್ಟೆ. ಬಲಗಾಲಿನ ಮೇಲೆ ಬಗ್ಗಿ ನಿಲ್ಲಬೇಕು, ಐವತ್ತು ಎಣಿಸುವವರೆಗೆ. ಬೆಳಿಗ್ಗೆ ಐದು ಸಲ, ಸಂಜೆ ಐದು ಸಲ.

"ಎಂತ ಮಾರಾಯ, ಅವಳನ್ನು ದಕ್ಕೆಗೆ ಕೆಲಸಕ್ಕೆ ಕಳಿಸ್ತೀಯಾ?" ಎಂದು ಅಮ್ಮ ಅಡಿಗೆಮನೆಯಿಂದ ಕೂಗಿದಳು. "ಚೀಲ ಹರಿದರೆ ನಾಳೆ ಗಂಜಿಗೆ ನೀನೇ ಹೆಕ್ಕಿ ಕೊಡಬೇಕು."

ಮೂರನೆಯ ವಾರದಲ್ಲಿ ತಂಗಿ ಚೀಲ ಇಳಿಸಿ ಕೂತಳು. "ಅಣ್ಣ, ಮೊಣಕಾಲು ಚಿಪ್ಪಿನ ಕೆಳಗೆ ಚುಚ್ತದೆ. ಮೆಟ್ಟಿಲು ಇಳಿಯುವಾಗ ಜಾಸ್ತಿ."

"ನಂಗೆ ಮೊದಲ ತಿಂಗಳು ಇಡೀ ಮೈ ಹಾಗೇ ಇತ್ತು. ಹೋಗ್ತದೆ. ಅಮ್ಮನಿಗೆ ಹೇಳ್ಬೇಡ, ಆಟ ನಿಲ್ಲಿಸ್ತಾಳೆ."

ನೋವಿನ ಎಣ್ಣೆ ತಂದು ನಾನೇ ಉಜ್ಜಿದೆ. ಚಿಪ್ಪಿನ ಕೆಳಗೆ ಬಿಸಿ ಇತ್ತು. ಕೈಗೆ ಗೊತ್ತಾಯಿತು. ಗೊತ್ತಾಗದವನ ಹಾಗೆ ಉಜ್ಜಿದೆ.

ಆಯ್ಕೆ ಎರಡು ದಿನ, ಪೇಟೆಯ ಒಂದು ಕಾಲೇಜು ಮೈದಾನದಲ್ಲಿ. ಮಳೆ ಬಿಟ್ಟು ಎರಡು ವಾರವಾಗಿತ್ತು, ಬೆಳಿಗ್ಗೆ ಎಂಟಕ್ಕೇ ಬೆವರು ಹರಿಯುತ್ತಿತ್ತು. ಮೊದಲ ದಿನ ಒಬ್ಬೊಬ್ಬರಿಗೆ ಹತ್ತು ಚೆಂಡು. ಎಸೆಯಲು ನಿಂತವಳು ಬೇರೆ ಶಾಲೆಯ ಎತ್ತರದ ಹುಡುಗಿ. ತೋಳು ಸುತ್ತಿದ್ದು ಕಾಣುವಷ್ಟರಲ್ಲಿ ಚೆಂಡು ಹಿಂದೆ ಕೂತ ಕ್ಯಾಚರ್‌ಳ ಕೈಗವಸಿನಲ್ಲಿರುತ್ತಿತ್ತು.

ತಂಗಿ ಹೊಡೆಯುವವರು ನಿಲ್ಲುವ ಪ್ಲೇಟಿನ ಪಕ್ಕ ನಿಂತಳು. ನಾನು ತಂತಿ ಬೇಲಿಗೆ ಮುಖ ಒತ್ತಿ, ಮನೆಯ ರೂಢಿಯ ಹಾಗೆ ಕೂಗಿದೆ. "ಕುಲ್ಲಡ್!"

ಅವಳು ಹಿಂದಕ್ಕೆ ಹೋದಳು, ಬಗ್ಗಿದಳು, ಕೂತಳು. ಪಿಚರ್ ಇನ್ನೂ ಚೆಂಡನ್ನು ಕೈಯಲ್ಲಿ ಹೊರಳಿಸುತ್ತಿದ್ದಳು. ತಂಗಿ ಹಾಗೆಯೇ ಕಲ್ಲಾಗಿದ್ದಳು. ತೋಳು ಸುತ್ತಿತು. ಮೊದಲು ಕ್ಯಾಚರ್‌ಳ ಕೈಯಲ್ಲಿ ಶಬ್ದ ಬಂತು, ಆಮೇಲೆ ಇವಳ ಬ್ಯಾಟ್ ಗಾಳಿಯಲ್ಲಿ ಹಾದುಹೋಯಿತು.

ಎರಡನೆಯದೂ ಹಾಗೇ. ಮೂರನೆಯದು ಬ್ಯಾಟಿನ ತುದಿಗೆ ತಾಗಿ ಬಲಗಡೆಯ ಬೇಲಿಗೆ ಹೋಯಿತು. ಪ್ರತಿ ಸಲ ನನ್ನ ಕೂಗು. ನಾಲ್ಕನೆಯದಕ್ಕೆ ಸಾಲಿನಲ್ಲಿ ಕೂತ ಹುಡುಗಿಯರು ನನ್ನ ಜೊತೆ ಕೂಗಲು ಶುರು ಮಾಡಿದರು.

"ಏ ಕುಲ್ಲಡ್, ನಿನ್ನ ಬಸ್ಸು ಹೋಯ್ತು ಮಾರಾಯ್ತಿ! ಮುಂದಿನದ್ದು ಅರ್ಧ ಗಂಟೆ ಬಿಟ್ಟು!"

ತಂಗಿ ಹೆಲ್ಮೆಟ್ಟಿನೊಳಗಿಂದ ಒಮ್ಮೆ ನನ್ನ ಕಡೆ ನೋಡಿದಳು. ನಿಲ್ಲಿಸು ಎಂಬ ಹಾಗೆ. ನಾನು ಇನ್ನಷ್ಟು ಗಟ್ಟಿ ಕೂಗಿದೆ.

ಹತ್ತರಲ್ಲಿ ಒಂದೇ ಒಂದು ಸರಿ ಬಿತ್ತು. ಅದು ಪಿಚರ್ ಬೇಕೆಂದೇ ನಿಧಾನ ಎಸೆದ ಚೆಂಡು. ಆಯ್ಕೆಗೆ ನೆರವಾಗಲು ಬಂದಿದ್ದ ನಮ್ಮ ಪಿ.ಟಿ. ಟೀಚರ್ ಹೊರಗೆ ಬಂದು ನನಗೆ ಕೇಳುವಷ್ಟೇ ಹೇಳಿದರು. "ನಾಳೆ ಬೆಳಿಗ್ಗೆ ಇನ್ನೊಂದು ರೌಂಡ್, ಮತ್ತೆ ಮ್ಯಾಚ್. ಇವತ್ತಿನ ಹಾಗೆ ಆದ್ರೆ ಕಷ್ಟ. ನೀವು ನಾಳೆ ಕೂಗ್ಬೇಡಿ."

ಅವಳನ್ನು ಮನೆಗೆ ಬಿಟ್ಟು ಮಧ್ಯಾಹ್ನ ಟೈಲ್ಸ್ ಹೇರಿಕೊಂಡು ಫಳ್ನೀರಿಗೆ ಹೋದೆ. ಹೊಸ ಅಪಾರ್ಟ್‌ಮೆಂಟ್. ಗೇಟಿನ ವಾಚ್‌ಮ್ಯಾನ್, ಎಂಟ್ರಿ ಪುಸ್ತಕ ಆಫೀಸಿನಲ್ಲಿದೆ, ಗಾಡಿ ನಂಬರು, ಹೆಸರು, ಒಂದು ಕಾಗದದಲ್ಲಿ ಬರೆದುಕೊಡಿ ಎಂದ. ಡ್ಯಾಶ್‌ಬೋರ್ಡಿನ ಖಾನೆಗೆ ಕೈ ಹಾಕಿದೆ. ಬಂದದ್ದು ಅದೇ ಹಾಳೆ. ಇನ್ನು ಇದರಿಂದ ಏನಾಗಬೇಕು ಎಂದು ಖಾಲಿ ಬದಿಯಲ್ಲಿ ಬರೆಯಲು ತಿರುಗಿಸಿದೆ.

ಖಾಲಿ ಇರಲಿಲ್ಲ. ನೀಲಿ ಪೆನ್ನಿನಲ್ಲಿ, ಒಂದನೆಯ ಕ್ಲಾಸಿನ ಮಕ್ಕಳಿಗೆ ಬರೆದ ಹಾಗೆ ಬಿಡಿಬಿಡಿ ಅಕ್ಷರದಲ್ಲಿ, ಕನ್ನಡದಲ್ಲಿ ತುಂಬ ಬರೆದಿತ್ತು.

ಮನೆಯಲ್ಲಿ ಅಭ್ಯಾಸ ಮಾಡಿಸುವವರಿಗೆ, ಎಂದು ಶುರು. ಲೋಡ್ ಎಂದರೆ ಭಾರ ಹಾಕಿ ನಿಲ್ಲುವುದು ಎಂದು ತಿಳಿಯಬೇಡಿ. ಉಯ್ಯಾಲೆ ಹಿಂದೆ ಹೋಗಿ ಮುಂದೆ ಬರುವ ಹಾಗೆ, ನಡುವೆ ನಿಲ್ಲಿಸಬಾರದು. ಪಿಚರ್‌ಳ ತೋಳು ಮೇಲೇರುವಾಗ ಇವಳು ನಿಧಾನವಾಗಿ ಹಿಂದಕ್ಕೆ. ಭಾರ ಹಿಂದಿನ ಪಾದದ ಒಳಗಿನ ಅಂಚಿನಲ್ಲಿ ಇರಲಿ, ಹೊರಗಿನ ಅಂಚಿಗೆ ಹೋದರೆ ವಾಪಸು ಬರಲಾಗುವುದಿಲ್ಲ. ಕೈ ತುಸು ಹಿಂದೆ, ಮುಂದಿನ ಭುಜ ತುಸು ಒಳಗೆ. ಚೆಂಡು ಪಿಚರ್‌ಳ ಕೈ ಬಿಡುವಾಗ ಇವಳ ಮುಂದಿನ ಪಾದ ನೆಲ ಮುಟ್ಟಿರಬೇಕು. ಹಿಂದೆ ಹೋಗುವುದು ನಿಧಾನ, ಮುಂದೆ ಬರುವುದು ಬೇಗ. ಬಾಯಲ್ಲಿ ಹೇಳಿ ಕಲಿಸಬೇಡಿ, ಅವಳು ಪಿಚರನ್ನು ನೋಡಿ ಕಲಿಯಲಿ. ಮೊಣಕಾಲು ಹೆಚ್ಚು ಬಗ್ಗಿಸಬೇಡಿ. ನೋವು ಎಂದರೆ ಅದೇ ದಿನ ನಿಲ್ಲಿಸಿ, ನನಗೆ ತಿಳಿಸಿ.

ಕೊನೆಯಲ್ಲಿ ಅವರ ಫೋನ್ ನಂಬರು. ಏನಾದರೂ ತಿಳಿಯದಿದ್ದರೆ ಸಂಕೋಚ ಬೇಡ, ಎಂದು ಅದರ ಕೆಳಗೆ.

"ಅಣ್ಣ, ನಂಬರ್ ಬರ್ದಾಯ್ತಾ? ಹಿಂದೆ ಕಾರು ನಿಂತಿದೆ" ಎಂದ ವಾಚ್‌ಮ್ಯಾನ್. ಎಂತದರಲ್ಲಿ ಬರೆದುಕೊಟ್ಟೆನೋ ನೆನಪಿಲ್ಲ. ನೂರ ನಲವತ್ತು ಪೆಟ್ಟಿಗೆ ಇಳಿಸಿದೆ. ಒಂದೊಂದನ್ನು ಇಡುವಾಗಲೂ ಬಾಯಿಗೆ ಬರುತ್ತಿದ್ದ ಶಬ್ದವನ್ನು ನುಂಗಿದೆ.

ಮನೆಗೆ ಬರುವ ದಾರಿಯಲ್ಲಿ ಇನ್ನೊಂದು ಉಪಾಯ ಮಾಡಿದೆ. ಅದನ್ನೂ ಬರೆಯಬೇಕು. ಹಾಳೆಯ ವಿಷಯ ಎತ್ತದೆ, ನಾನೇ ಇವತ್ತಿನ ಆಟ ನೋಡಿ ಕಂಡುಹಿಡಿದೆ ಎಂಬ ಹಾಗೆ ಹೇಳಿಕೊಡೋಣ ಎಂದುಕೊಂಡೆ.

"ನೋಡು, ನಾಳೆ ಕೂರಬೇಡ. ಪಿಚರ್ ಕೈ ಎತ್ತುವಾಗ ಹಿಂದೆ ಹೋಗು, ನಿಲ್ಲದೆ ಬಾ."

ತಂಗಿ ಬಲೆಯ ಪಕ್ಕ ಬ್ಯಾಟ್ ಊರಿ ನಿಂತಿದ್ದಳು. "ಮೂರು ತಿಂಗಳು ಕೂರು ಕೂರು ಅಂದೆ. ಈಗ ಕೂರಬೇಡ ಅಂತೀಯಾ? ನಾಳೆ ಸೆಲೆಕ್ಷನ್ ಅಣ್ಣ. ನಿಂಗೆ ಗೊತ್ತುಂಟಾ ಇಲ್ವಾ, ಒಂದು ಸರಿ ಹೇಳು."

ಎರಡು ಸಲ ಬೀಸಿ ನೋಡಿದಳು. ಹಿಂದೆ ಹೋಗಿ ಅರ್ಧಕ್ಕೆ ನಿಂತಳು, ಮತ್ತೆ ನನ್ನ ಮುಖ ನೋಡಿದಳು. ಅವಳ ಮೈಗೆ ನನ್ನ ಹಳೆಯ ಮಾತು ಬೇಕು, ಕಿವಿಗೆ ಹೊಸ ಮಾತು ಕೇಳುತ್ತಿದೆ. ಹೀಗೆ ಬಿಟ್ಟರೆ ನಾಳೆ ಎರಡೂ ಇರುವುದಿಲ್ಲ ಎಂದು ಆಗ ಗೊತ್ತಾಯಿತು. ನನ್ನ ಮಾತಿನ ಮೇಲೆ ಅವಳು ಇನ್ನು ಆಡಲಾರಳು. ಟೀಚರ ಮಾತಿನ ಮೇಲೆ ಆಡಬಲ್ಲಳು.

ಟೆಂಪೊಗೆ ಹೋಗಿ ಹಾಳೆ ತಂದು ಕೊಟ್ಟೆ, ಹಿಂಬದಿ ಮೇಲೆ ಮಾಡಿ.

ಅವಳು ನಿಂತೇ ಓದಿದಳು. ಮೊಣಕಾಲಿನ ಸಾಲಿಗೆ ಬಂದಾಗ ಗಟ್ಟಿಯಾಗಿ ಓದಿದಳು. "ನೋವು ಎಂದರೆ ಅದೇ ದಿನ ನಿಲ್ಲಿಸಿ." ಹಾಳೆ ಕೆಳಗಿಳಿಸಿದಳು.

"ಇದು ಯಾವಾಗ ಕೊಟ್ಟದ್ದು?"

"ಜೂನ್‌ನಲ್ಲಿ."

"ನಿಂಗೆ ಕನ್ನಡ ಓದ್ಲಿಕ್ಕೆ ಬರ್ತದಲ್ಲ ಅಣ್ಣ."

"ತಿರುಗಿಸ್ಲಿಲ್ಲ. ಮುಂದೆ ಇಂಗ್ಲಿಷ್ ಇತ್ತು. ಓದಿದ್ದೇನೆ ಅಂತ ಸುಳ್ಳು ಹೇಳಿದೆ."

ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ. ಹಾಳೆಯನ್ನು ಬಲೆಯ ಕಣ್ಣಿಗೆ ಸಿಕ್ಕಿಸಿದಳು, ಓದಲು ಸಿಗುವ ಎತ್ತರಕ್ಕೆ.

"ಹೋಗಿ ಆಚೆ ನಿಲ್ಲು. ಕೈ ಸುತ್ತು. ಚೆಂಡು ಬೇಡ. ಬಾಯಿ ಮುಚ್ಚಿಕೊ."

ನಾನು ಪಿಚರ್ ಆದೆ. ಬರಿಗೈಯನ್ನು ಸುತ್ತಿದೆ. ನನ್ನ ತೋಳು ಮೇಲೇರಿದಾಗ ಅವಳು ಹಿಂದಕ್ಕೆ, ಸೊಂಟಕ್ಕೆ ಬಂದಾಗ ಅವಳ ಎಡ ಪಾದ ನೆಲಕ್ಕೆ. ಮೊದಲ ಹತ್ತು ಸಲ ಅವಳು ನಡುವೆ ನಿಂತಳು. ಅಭ್ಯಾಸ ಎಂದರೆ ಅದು, ನಾನೇ ಹಾಕಿದ ಹಗ್ಗ. ಇಪ್ಪತ್ತಾಗುವಾಗ ನಿಲ್ಲುವುದು ಕಡಿಮೆಯಾಯಿತು. ಮೂವತ್ತಕ್ಕೆ ಅವಳೇ ಸಾಕು ಎಂದಳು, ಮೊಣಕಾಲು ಹಿಡಿದುಕೊಂಡು.

"ಮೊಣಕಾಲಿನದ್ದು ಟೀಚರಿಗೆ ಹೇಳ್ಬೇಡ. ಆಯ್ಕೆ ಒಂದು ಆಗ್ಲಿ. ಆಮೇಲೆ ನಾನೇ ಹೇಳ್ತೇನೆ. ಅಷ್ಟಾದ್ರೂ ಮಾಡು ನನಗೆ."

"ಆಯ್ತು" ಎಂದೆ. ಬೇಡ ಎನ್ನಲು ನನಗೆ ಮುಖ ಎಲ್ಲಿತ್ತು?

ಮರುದಿನ ನಾನು ಬೇಲಿಯಿಂದ ದೂರ, ಪಾರ್ಕಿಂಗಿನ ಮರದ ಹತ್ತಿರ ನಿಂತೆ. ಅಲ್ಲಿಂದ ಅವಳು ಕಾಣುತ್ತಾಳೆ, ನಾನು ಅವಳಿಗೆ ಕಾಣುವುದಿಲ್ಲ. ಅದೇ ಎತ್ತರದ ಪಿಚರ್. ಸಾಲಿನಿಂದ ಯಾರೋ "ಕುಲ್ಲಡ್" ಎಂದು ಕೂಗಿದರು, ನಗು ಬಂತು. ತಂಗಿ ಆ ಕಡೆ ನೋಡಲಿಲ್ಲ. ಪಿಚರ್‌ಳ ಕೈಯನ್ನೇ ನೋಡುತ್ತಿದ್ದಳು.

ಮೊದಲ ಚೆಂಡಿಗೆ ಹೆದರಿ ಬೇಗ ಬಂದಳು, ಎಡಗಡೆ ಹೊರಗೆ ಹೋಯಿತು. ನನಗೆ ಅದೇ ಸಾಕಿತ್ತು, ಮೂರು ತಿಂಗಳಲ್ಲಿ ಅವಳು ಬೇಗ ಆದದ್ದು ಅದೇ ಮೊದಲು. ಎರಡನೆಯದಕ್ಕೆ ನಡುವೆ ನಿಂತಳು, ತಪ್ಪಿತು. ಪ್ಲೇಟಿನಿಂದ ಹೊರಗೆ ಬಂದು ಬ್ಯಾಟಿನಿಂದ ಶೂ ತಟ್ಟಿದಳು. ಮತ್ತೆ ನಿಂತಳು.

ತೋಳು ಮೇಲೇರಿತು. ಇವಳ ಭಾರ ಹಿಂದಕ್ಕೆ ಹೋಯಿತು, ಕೈ ಅದರ ಜೊತೆ ಹೋಯಿತು. ಎಡ ಪಾದ ಬೆಕ್ಕಿನ ಹಾಗೆ ನೆಲಕ್ಕೆ ಬಂತು. ಚೆಂಡು ಪಿಚರ್‌ಳ ಕೈ ಬಿಟ್ಟಿತು. ಎಲ್ಲಿ ಹಿಂದೆ ಹೋಗುವುದು ಮುಗಿಯಿತು, ಎಲ್ಲಿ ಮುಂದೆ ಬರುವುದು ಶುರುವಾಯಿತು ಎಂದು ನನಗೆ ಹೇಳಲಾಗದು. ಟಣ್ ಎಂದು ಒಂದು ಶಬ್ದ. ಚೆಂಡು ಎಡಗಡೆ ನಿಂತವರ ತಲೆಯ ಮೇಲಿಂದ ಹೋಗಿ ಬೇಲಿಗೆ ಬಡಿಯಿತು. ಸಾಲಿನ ಹುಡುಗಿಯರೆಲ್ಲ ತಿರುಗಿ ಬೇಲಿಯ ಕಡೆ ನೋಡಿದರು.

ಹತ್ತರಲ್ಲಿ ಆರು ಅವಳು ಸರಿ ಹೊಡೆದಳು. ಮ್ಯಾಚಿನಲ್ಲಿ ಇನ್ನೊಂದು, ಪಿಚರ್‌ಳ ಪಕ್ಕದಿಂದಲೇ ನೇರ. ಹೊಡೆದು, ಓಟದ ಮೊದಲ ನಿಲುಗಡೆಯಾದ ಬೇಸಿಗೆ ಓಡಿದಳು, ಮುಟ್ಟಿದಳು, ದಾಟಿ ನಿಂತಳು. ನಿಂತು, ಶೂ ಲೇಸ್ ಕಟ್ಟುವವಳ ಹಾಗೆ ಬಗ್ಗಿದಳು. ಅವಳ ಶೂಗೆ ಲೇಸ್ ಇಲ್ಲ. ಅಂಟಿಸುವ ಪಟ್ಟಿಯದ್ದು, ನಾನೇ ತಂದುಕೊಟ್ಟದ್ದು.

ಹನ್ನೆರಡಕ್ಕೆ ಹೆಸರು ಓದಿದರು. ಇವಳದ್ದು ಹನ್ನೊಂದನೆಯದು. ತಂಗಿ ಕೈ ಎತ್ತಲಿಲ್ಲ, ಕೂಗಲಿಲ್ಲ. ನಾನಿದ್ದ ಮರದ ಕಡೆ ತಿರುಗಿ ಒಂದು ಸಲ ತಲೆ ಆಡಿಸಿದಳು. ನಾನಲ್ಲಿ ನಿಂತದ್ದು ಅವಳಿಗೆ ಮೊದಲೇ ಗೊತ್ತಿತ್ತು.

ಆಯ್ಕೆಯಾದವರಿಗೆ ಅಂದಿನಿಂದಲೇ ಹತ್ತು ದಿನ ಕ್ಯಾಂಪ್. ಮೈದಾನಕ್ಕೆ ನಾಲ್ಕು ಸುತ್ತು ಓಡಿ ಬನ್ನಿ ಎಂದರು. ಹದಿನಾರು ಮಂದಿ ಓಡಿದರು. ಮೊದಲ ಸುತ್ತಿನಲ್ಲಿ ಇವಳು ನಡುವೆ ಇದ್ದಳು. ಎರಡನೆಯದರಲ್ಲಿ ಕೊನೆಗೆ ಬಂದಳು. ಬಲಗಾಲು ನೆಲಕ್ಕೆ ಇಡುವಾಗಲೆಲ್ಲ ಅವಳ ಗದ್ದ ಸ್ವಲ್ಪ ಮೇಲೆ ಹೋಗುತ್ತಿತ್ತು. ನೋವಾದಾಗ ಚಿಕ್ಕವಳಿರುವಾಗಲೂ ಹಾಗೆಯೇ ಮಾಡುತ್ತಿದ್ದಳು.

ನಾನು ಮಾತು ಕೊಟ್ಟಿದ್ದೆ. ಮೂರು ತಿಂಗಳು ಬಾಯಿ ಬಿಡಬೇಕಾದಲ್ಲಿ ಬಿಡದವನು, ಈಗ ಮುಚ್ಚಿಕೊಂಡಿರಬೇಕಾದಲ್ಲಿ ಬಿಟ್ಟರೆ ಅವಳು ನನ್ನನ್ನು ಎಂತ ಅಂದುಕೊಳ್ಳುತ್ತಾಳೆ? ಹೇಳದಿದ್ದರೆ ಹತ್ತು ದಿನ ಹೀಗೆ ಓಡುತ್ತಾಳೆ. ಮೂರನೆಯ ಸುತ್ತು ಶುರುವಾಗುವಾಗ ನಾನು ಗೇಟು ದಾಟಿ ಒಳಗೆ ನಡೆದೆ.

"ಮೇಡಂ, ಅವಳ ಬಲ ಮೊಣಕಾಲು ಸರಿ ಇಲ್ಲ. ನಿಲ್ಲಿಸಿ."

"ಎಷ್ಟು ದಿನದಿಂದ?"

"ತಿಂಗಳಾಯ್ತು. ನಾನೇ ಹೆಗಲಿಗೆ ಅಕ್ಕಿ ಚೀಲ ಇಟ್ಟು ನಿಲ್ಲಿಸ್ತಿದ್ದೆ."

ಟೀಚರ್ ನನ್ನನ್ನು ನೋಡಿದರು. "ಹಾಳೆಯಲ್ಲಿ ಬರೆದಿದ್ದೆನಲ್ಲ."

"ಹಿಂಬದಿ ನೋಡ್ಲಿಲ್ಲ ಮೇಡಂ. ಮುಂದಿನ ಬದಿ ಓದ್ಲಿಕ್ಕೆ ಬರುದಿಲ್ಲ. ಓದಿದ್ದೇನೆ ಅಂತ ನಿಮ್ಮತ್ರ ಹೇಳಿದ್ದು ಸುಳ್ಳು."

"ಇಂಗ್ಲಿಷ್ ಬಾರದವರಿಗೆ ಅಂತಲೇ ನಾನು ಹಿಂಬದಿ ಬರೆದದ್ದು. ಎಲ್ಲ ಹಾಳೆಗೂ ಕೈಯಲ್ಲಿ ಬರೆದೆ" ಎಂದರು. ಸಿಟ್ಟು ಇರಲಿಲ್ಲ ಆ ಮಾತಿನಲ್ಲಿ. ಸಿಳ್ಳೆ ಊದಿದರು.

ತಂಗಿಯನ್ನು ಬೆಂಚಿನ ಮೇಲೆ ಕೂರಿಸಿ ಚಿಪ್ಪಿನ ಕೆಳಗೆ ಹೆಬ್ಬೆರಳು ಒತ್ತಿದರು. ಅವಳ ಗದ್ದ ಮೇಲೆ ಹೋಯಿತು. ಟೀಚರ್ ಎದ್ದು ಆಯ್ಕೆಯವರ ಮೇಜಿಗೆ ಹೋದರು. ಹದಿನೇಳನೆಯ ಹುಡುಗಿಯನ್ನು ಕರೆದರು. ಆ ಹುಡುಗಿ ಚೀಲ ಹೆಗಲಿಗೆ ಹಾಕಿ ಆಗಲೇ ಗೇಟಿನವರೆಗೆ ಹೋಗಿದ್ದಳು, ಓಡಿ ಬಂದಳು. ಅವಳಲ್ಲಿ ಸ್ವಂತ ಹೆಲ್ಮೆಟ್ ಇರಲಿಲ್ಲ. ತಂಗಿ ತನ್ನದನ್ನು ಚೀಲದಿಂದ ತೆಗೆದು ಕೊಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

"ಈಗ ಸಮಾಧಾನ ಆಯ್ತಾ?"

ನಾಲ್ಕು ದಿನ ನನ್ನೊಡನೆ ಮಾತಾಡಲಿಲ್ಲ. ಊಟಕ್ಕೆ ಕರೆಯಬೇಕಾದರೆ ಅಮ್ಮನ ಹತ್ತಿರ, "ನಿನ್ನ ಮಗನಿಗೆ ಅನ್ನ ಆಯ್ತು ಹೇಳು" ಎನ್ನುತ್ತಿದ್ದಳು. ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮ ಅಕ್ಕಿ ಚೀಲವನ್ನು ಒಳಕೋಣೆಗೆ ಸಾಗಿಸಿದಳು. ಮೀನಿನ ಬಲೆಯಲ್ಲಿ ಹಾಳೆ ಹಾಗೆಯೇ ಇತ್ತು.

ಐದನೆಯ ದಿನ ಫಳ್ನೀರಿನಲ್ಲಿ ಮೂಳೆ ಡಾಕ್ಟರ ಹತ್ತಿರ ಹೋದೆವು. ಅವರು ಮಡಿಸಿ ನೋಡಿದರು, ಬಿಡಿಸಿ ನೋಡಿದರು, ಎಕ್ಸ್‌ರೇ ಬೆಳಕಿಗೆ ಹಿಡಿದರು. ಮೂಳೆಗೆ ಏನೂ ಆಗಿಲ್ಲ, ಚಿಪ್ಪಿನ ಕೆಳಗಿನ ನರ ಊದಿದೆ, ಬೇಗ ಬಂದದ್ದು ಒಳ್ಳೆಯದಾಯಿತು, ಹಾಗೇ ಓಡುತ್ತಿದ್ದರೆ ಬೇರೆಯೇ ಕಥೆ ಎಂದರು. ಚೀಟಿ ಬರೆಯುತ್ತಾ ನನ್ನ ಕಡೆ ನೋಡಿ ಹೇಳಿದರು.

"ಆರು ವಾರ. ಆ ಕಾಲಿಗೆ ಲೋಡ್ ಕೊಡ್ಲಿಕ್ಕಿಲ್ಲ. ಗೊತ್ತಾಯ್ತಲ್ಲ, ಲೋಡ್ ಅಂದ್ರೆ?"

ಪಕ್ಕದಲ್ಲಿ ತಂಗಿ ಮೂಗಿನಲ್ಲಿ ಒಂದು ಶಬ್ದ ಮಾಡಿದಳು. ಅಳುವೋ ಎಂದು ತಿರುಗಿದೆ. ನಗು ತಡೆಯುತ್ತಿದ್ದಳು.

"ಡಾಕ್ಟ್ರೇ, ಅವನಿಗೆ ಬಾಯಲ್ಲಿ ಹೇಳಿದ್ರೆ ಆಗ್ಲಿಕ್ಕಿಲ್ಲ" ಎಂದಳು. "ಬರೆದು ಕೊಡಿ. ಮುಂದಿನ ಬದಿಯಲ್ಲೇ ಬರೀರಿ."

ಡಾಕ್ಟರಿಗೆ ಅರ್ಥವಾಗಲಿಲ್ಲ. ಚೀಟಿ ಹರಿದು ನನ್ನ ಕೈಗೆ ಕೊಟ್ಟರು. ನಾನು ಮೊದಲು ಅದನ್ನು ತಿರುಗಿಸಿದೆ. ಹಿಂಬದಿ ಖಾಲಿ ಇತ್ತು. ಮತ್ತೆ ಮುಂದಿನ ಬದಿ ಮಾಡಿದೆ. ಇಂಗ್ಲಿಷ್.

"ನಂಗೆ ಇದು ಓದ್ಲಿಕ್ಕೆ ಬರುದಿಲ್ಲ" ಎಂದೆ, ಡಾಕ್ಟರ ಎದುರಿನಲ್ಲೇ, ಕೇಳುವ ಹಾಗೆ. ಚೀಟಿಯನ್ನು ತಂಗಿಗೆ ಕೊಟ್ಟೆ. "ನೀನು ಓದು."